ಅಲುಗದೆ ಕೂತವರು

ನನ್ನ ಗಂಡ ನಡೆಯುವಾಗ ಮೇಲೆ ನೋಡುತ್ತಿರಲಿಲ್ಲ, ಮೇಲೆ ನೋಡುವಾಗ ನಡೆಯುತ್ತಿರಲಿಲ್ಲ. ನಾವು ಜೈನರು. ಕಾಲ ಕೆಳಗೆ ಒಂದು ಇರುವೆ ಸಿಕ್ಕರೂ ಇವರಿಗೆ ದಿನವಿಡೀ ಸಂಕಟ. ಹಕ್ಕಿ ಫೋಟೊ ತೆಗೆಯುವ ಹುಚ್ಚು ಬೇರೆ. ಹಕ್ಕಿ ಇರುವುದು ಮೇಲೆ, ಇರುವೆ ಇರುವುದು ಕೆಳಗೆ. ಹಾಗಾಗಿ ನೆಲ ನೋಡಿಕೊಂಡು ಐದು ಹೆಜ್ಜೆ, ನಿಂತು ಕತ್ತೆತ್ತುವುದು, ಮತ್ತೆ ಐದು ಹೆಜ್ಜೆ. ಕಳೆದ ದಸರಾ ರಜೆಯಲ್ಲಿ ಮೇಳಿಗೆಯ ನನ್ನ ತಮ್ಮನ ಮನೆ ಅಂಗಳವನ್ನು ಹೀಗೆಯೇ ದಾಟುತ್ತಿದ್ದರು. ಅದು ನಮ್ಮ ಕೊನೆಯ ಸಾದಾ ದಿನ.

ಅವತ್ತು ಏನೂ ನಡೆಯಲಿಲ್ಲ. ಹೊತ್ತು ಮುಳುಗುವ ಮೊದಲು ಊಟ ಆಯಿತು. ಇವರು ಜಗಲಿಯಲ್ಲಿ ಕೂತು ನನ್ನ ಹಳೆ ಸೀರೆಯ ಚೂರಿನಿಂದ ಕ್ಯಾಮೆರಾದ ಕಣ್ಣು ಒರೆಸುತ್ತಿದ್ದರು. ತಮ್ಮ ಅಭಿನಂದನ್‌ಗೆ ಭಾವನನ್ನು ರೇಗಿಸದಿದ್ದರೆ ಊಟ ಕರಗುವುದಿಲ್ಲ.

"ಏನ್ ಭಾವ, ಒಂದೇ ಹಕ್ಕಿದು ನಲವತ್ತು ಫೋಟೊ ತೆಗ್ದೀರಿ? ಗಂಡು ನೋಡ್ತೀರೋ ಅದಕ್ಕೆ?"

"ಹುಡುಗ ಸಿಕ್ಕಿದಾನೆ ಮಾರಾಯ. ಜಾತಕ ಕೂಡ್ತಿಲ್ಲ," ಅಂದರು ಇವರು. ತಲೆ ಎತ್ತಲಿಲ್ಲ.

ಇವರ ಹೆಸರು ಶ್ರೇಯಾಂಸ. ಹೊಸನಗರದ ಒಂದು ಕಾಲೇಜಿನಲ್ಲಿ ಅಟೆಂಡರ್. ಇಪ್ಪತ್ತಾರು ವರ್ಷ ಗಂಟೆ ಹೊಡೆದರು. ಒಂದು ನಿಮಿಷ ಆಚೀಚೆ ಆಗಿದ್ದಿಲ್ಲ. ಅದಕ್ಕೇ ಇರಬೇಕು, ರಜೆ ಬಂದ ತಕ್ಷಣ ವಾಚು ಬಿಚ್ಚಿ ಅಕ್ಕಿ ಡಬ್ಬಿಯ ಮೇಲಿಡುತ್ತಿದ್ದರು. ಕಾಲೇಜಿನವರು ಕೊಟ್ಟ ಖಾಕಿ ಅಂಗಿಯನ್ನು ಮಾತ್ರ ರಜೆಯಲ್ಲೂ ಬಿಡಲಿಲ್ಲ. ಮೊಣಕೈ ಹರಿದಿತ್ತು. ಹೊಸದು ಹಾಕಿಕೊಳ್ಳಿ ಅಂದರೆ, "ಈ ಅಂಗಿಗೆ ಹಕ್ಕಿಗಳು ಹೊಂದ್ಕೊಂಡಿವೆ ಕಣೇ" ಅನ್ನುತ್ತಿದ್ದರು. ಏನು ಕೇಳಿದರೂ ಮೊದಲು "ನೋಡೋಣ" ಅನ್ನುವುದು ಅಭ್ಯಾಸ. ಮಗಳ ಮದುವೆಗೂ ನೋಡೋಣ, ಉಪ್ಪಿಟ್ಟು ಮಾಡಲಾ ಅಂದರೂ ನೋಡೋಣ.

ಗೂಡಿನ ಫೋಟೊ ತೆಗೆಯುತ್ತಿರಲಿಲ್ಲ. ಮೊಟ್ಟೆ ಬಿಟ್ಟು ತಾಯಿ ಹಾರಿದರೆ ಆ ಪಾಪ ಯಾರಿಗೆ ಅನ್ನುವರು. ಒಮ್ಮೆ ಸಾಗರದಿಂದ ದೊಡ್ಡ ಕ್ಯಾಮೆರಾದವರೊಬ್ಬರು ಬಂದು ಗೂಡು ಎಲ್ಲಿದೆ ತೋರಿಸಿ ಅಂದಾಗ, ಬೇಕೆಂದೇ ಬೇರೆ ದಾರಿ ತೋರಿಸಿ ಬಂದರು. ಸುಳ್ಳು ಹೇಳಿದೆ ಅಂತ ಆಮೇಲೆ ಒಂದು ಹೊತ್ತು ಉಪವಾಸ ಮಾಡಿದರು. ನನಗೆ ನಗು ಬಂದಿತ್ತು.

ನನ್ನನ್ನು ಕಾಡಿಗೆ ಕರೆದುಕೊಂಡು ಹೋದದ್ದೇ ಇಲ್ಲ. ನಾನು ಮಾತಾಡುತ್ತೇನೆ, ಬಳೆ ಸದ್ದು ಮಾಡುತ್ತವೆ. ಅವತ್ತು ಏನು ಅನ್ನಿಸಿತೋ, "ತ್ರಿಶಲಾ, ನಾಳೆ ಮೇಗರವಳ್ಳಿ ಕಾಡಿಗೆ ನೀನೂ ಬಾ. ಆದ್ರೆ ಬಾಯಿ ಬಿಡೋ ಹಾಗಿಲ್ಲ" ಅಂದರು.

"ಬಿಡಲ್ಲ ಹೋಗ್ರಿ."

ಬೆಳಿಗ್ಗೆ ತಮ್ಮನ ಬೈಕಿನಲ್ಲಿ ಹೋದೆವು. ಬಳೆಗಳಿಗೆ ಕರವಸ್ತ್ರ ಸುತ್ತಿ ಗಂಟು ಹಾಕಿಕೊಂಡಿದ್ದೆ. ಇವರು ಒಂದು ಮರದ ಬುಡಕ್ಕೆ ಒರಗಿ ಕೂತರು. ಹತ್ತು ಮಾರು ಹಿಂದೆ ಕಲ್ಲಿನ ಮೇಲೆ ನಾನು, ಮಡಿಲಲ್ಲಿ ತಿಂಡಿ ಡಬ್ಬಿ. ಕಾಕರಣೆ ಹಕ್ಕಿ ಬರುತ್ತೆ, ಎದೆ ಕೆಂಪು, ಕೊರಳಿಗೆ ಬಿಳಿ ಪಟ್ಟಿ, ಬಂದರೆ ಅಲುಗದೆ ಕೂರುತ್ತೆ ಅಂತ ದಾರಿಯಲ್ಲಿ ಹೇಳಿದ್ದರು. ಮೊದಮೊದಲು ಕ್ಯಾಮೆರಾದ ಟಿಕ್ ಟಿಕ್ ಕೇಳುತ್ತಿತ್ತು. ಆಮೇಲೆ ಕೇಳಲಿಲ್ಲ.

ನಮ್ಮಲ್ಲಿ ಸಾಮಾಯಿಕ ಅಂತ ಇದೆ. ಎರಡು ಘಳಿಗೆ ಅಲುಗದೆ ಧ್ಯಾನಕ್ಕೆ ಕೂರುವುದು. ಸಣ್ಣವಳಿದ್ದಾಗ ಹಾಗೆ ಕೂತ ಅಪ್ಪಯ್ಯನನ್ನು ಮುಟ್ಟಿ ಮಾತಾಡಿಸಿ ಅವ್ವನ ಕೈಲಿ ಏಟು ತಿಂದಿದ್ದೆ. ಅಲುಗದೆ ಕೂತವರನ್ನು ಮಾತಾಡಿಸಬಾರದು ಅನ್ನುವುದು ಅವತ್ತಿನಿಂದ ಮೈಗೆ ಹತ್ತಿದೆ. ಇವರ ಬೆನ್ನು ನೋಡುತ್ತಾ ಕೂತೆ. ಹರಿದ ಮೊಣಕೈ ಕಾಣುತ್ತಿತ್ತು. ಎಷ್ಟು ಚೆನ್ನಾಗಿ ಕೂತಿದಾರೆ ಅಂದುಕೊಂಡೆ. ನಾನೂ ಚೆನ್ನಾಗಿ ಕೂತಿದೀನಿ, ವಾಪಸ್ ಹೋಗುವಾಗ ಹೊಗಳಲೇಬೇಕು ಅಂತಲೂ ಅಂದುಕೊಂಡೆ.

ಹಕ್ಕಿ ಬಂತು. ಇವರ ಎದುರಿನ ಕೊಂಬೆಗೇ ಬಂತು. ಕೆಂಪು ಎದೆ, ಬಿಳಿ ಪಟ್ಟಿ, ಹೇಳಿದ ಹಾಗೇ. ಕೂತಿತು. ಇವರು ಕ್ಯಾಮೆರಾ ಎತ್ತಲಿಲ್ಲ. ಅದು ಕತ್ತು ತಿರುಗಿಸಿತು. ಎತ್ತಲಿಲ್ಲ. ಹಾರಿಹೋಯಿತು.

"ರೀ, ಹೋಯ್ತಲ್ರೀ," ಅಂದೆ. ಅದು ಅವತ್ತಿನ ನನ್ನ ಮೊದಲ ಮಾತು.

ಇವರ ಹೃದಯ ನಿಂತಿತ್ತು. ನಿಂತು ಎಷ್ಟು ಹೊತ್ತಾಗಿತ್ತು ಗೊತ್ತಿಲ್ಲ. ತೀರ್ಥಹಳ್ಳಿಯ ಡಾಕ್ಟರು, "ನೀವು ಪಕ್ಕದಲ್ಲೇ ಇದ್ರೂ ಏನೂ ಮಾಡೋಕೆ ಆಗ್ತಿರಲಿಲ್ಲಮ್ಮ" ಅಂದರು. ಒಳ್ಳೆ ಮನುಷ್ಯ. ಎಲ್ಲರಿಗೂ ಹಾಗೇ ಹೇಳುತ್ತಾರೋ ಏನೋ.

ಮಗಳು ಸ್ಪಂದನಾ ಸಾಗರದ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ, ಮನೆಯಿಂದಲೇ ಓಡಾಡುತ್ತಾಳೆ. "ಅಮ್ಮ, ಕೊನೇ ಫೋಟೊ ಯಾವಾಗ ತೆಗ್ದಿದ್ದು ಅಂತ ಕ್ಯಾಮೆರಾದಲ್ಲಿ ಇರುತ್ತೆ. ನೋಡ್ಲಾ?" ಅಂತ ಎರಡು ತಿಂಗಳು ಕೇಳಿದಳು. ಬೇಡ ಅಂದೆ. ಒಂದು ದಿನ ನಾನೇ ನೋಡು ಅಂದೆ. ಕೊನೆಯ ಫೋಟೊ ಖಾಲಿ ಕೊಂಬೆಯದು, ಏಳು ಗಂಟೆ ಹನ್ನೊಂದು ನಿಮಿಷ. ನಾನು ತಮ್ಮನಿಗೆ ಫೋನು ಮಾಡಿದ್ದು ಏಳು ಐವತ್ತೆರಡಕ್ಕೆ. ನಲವತ್ತೊಂದು ನಿಮಿಷ. ಅದರಲ್ಲಿ ಇವರು ಕಾಯುತ್ತಿದ್ದದ್ದು ಎಷ್ಟು, ಇಲ್ಲದೇ ಇದ್ದದ್ದು ಎಷ್ಟು? ಹಕ್ಕಿಯನ್ನು ಕಂಡರೋ ಇಲ್ಲವೋ? ಕ್ಯಾಮೆರಾಕ್ಕೆ ಅದು ಗೊತ್ತಿಲ್ಲ. ಯಾರ ಮೇಲೆ ಸಿಟ್ಟು ಮಾಡಲಿ? ಬಾಯಿ ಬಿಡಬೇಡ ಅಂದವರ ಮೇಲೋ, ಬಿಡದೇ ಕೂತ ನನ್ನ ಮೇಲೋ? ಒಂದೊಂದು ದಿನ ಆ ಹಕ್ಕಿಯ ಮೇಲೂ ಬರುತ್ತದೆ. ಅದೇನು ಮಾಡೀತು ಪಾಪ.

ಇಂಥ ಜನ ಇರುತ್ತಾರೆ. ಯಾರಿಗೂ ತೊಂದರೆಯಾಗಬಾರದು ಅಂತ ಸದ್ದಿಲ್ಲದೆ ನಡೆಯುತ್ತಾರೆ, ಸದ್ದಿಲ್ಲದೆ ಕೂರುತ್ತಾರೆ, ಹೋಗುವಾಗಲೂ ಒಂದು ಎಲೆ ಅಲುಗಿಸುವುದಿಲ್ಲ. ಜೊತೆಗೆ ಬಾಳಿದವರಿಗೆ ಅವರು ಇದ್ದದ್ದು ಎಲ್ಲಿಯವರೆಗೆ ಅನ್ನುವುದೇ ತಿಳಿಯದೆ ಹೋಗುತ್ತದೆ.

ಬೆಳಿಗ್ಗೆ ಎದ್ದು ಬಾವಿ ನೀರು ಸೇದಿ, ಬಟ್ಟೆಯಲ್ಲಿ ಸೋಸಿ, ಬಟ್ಟೆಗೆ ಹತ್ತಿದ ಜೀವಗಳನ್ನು ಅದೇ ನೀರಿನಲ್ಲಿ ಜಾಲಿಸಿ ನಿಧಾನಕ್ಕೆ ಬಾವಿಗೆ ಬಿಡುತ್ತೇನೆ. ಮೊದಲಿಂದಲೂ ನನ್ನದೇ ಕೆಲಸ. ನೀರು ಇಳಿಯುವವರೆಗೆ ಸುಮ್ಮನೆ ನಿಂತಿರಬೇಕು. ಸ್ವಲ್ಪ ಹೆಚ್ಚು ಹೊತ್ತು ನಿಂತರೆ ಒಳಗಿಂದ ಸ್ಪಂದನಾ ಕೂಗುತ್ತಾಳೆ.

"ಅಮ್ಮಾ?"

"ಇದ್ದೀನಿ ಕಣೇ. ನೀರು ಸೋಸ್ತಿದೀನಿ."