ಪ್ರಸಾದ ಬಿಟ್ಟು ಓಡಿದ ಜೆಟ್ಸ್ ಕಡೆಯವರು

ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಜೆರಿಕೋದಲ್ಲಿ ಮನೆ ಕೊಂಡ ಮೇಲೆ ನನಗಿದ್ದದ್ದು ಒಂದೇ ಆಸೆ. ಒಂಬತ್ತು ವರ್ಷ ಸಣ್ಣ ಅಪಾರ್ಟ್‌ಮೆಂಟಿನಲ್ಲಿ, ಕೆಳಗಿನ ಮನೆಯವರಿಗೆ ಸದ್ದಾಗದಂತೆ ಮೆಲ್ಲಗೆ ಹೆಜ್ಜೆಯಿಟ್ಟು ಬದುಕಿದವಳು ನಾನು. ಹೊಸ ಮನೆಯ ಮೊದಲ ಪೂಜೆಗೆ ಜನ ತುಂಬಬೇಕು, ಮನೆ ಗಲಗಲ ಅನ್ನಬೇಕು. ಕಾರ್ತೀಕ ಮುಗಿಯುವುದರೊಳಗೆ ಪುರೋಹಿತ ಕೇಶವಮೂರ್ತಿಗಳಿಗೆ ಬಿಡುವಿದ್ದದ್ದು ಕೊನೆಯ ಭಾನುವಾರ ಮಾತ್ರ. ಸತ್ಯನಾರಾಯಣ ಪೂಜೆಗೆ ಅದನ್ನೇ ಗೊತ್ತುಮಾಡಿ ನಲವತ್ತು ಜನರನ್ನು ಕರೆದೆ. ಎಲ್ಲರೂ ಬರುತ್ತೇವೆ ಅಂದರು.

ಶನಿವಾರ ಬೆಳಿಗ್ಗೆ ಹುಳಿಗೆ ತರಕಾರಿ ಹೆಚ್ಚುತ್ತಿದ್ದಾಗ ಫೋನು ಶುರುವಾಯಿತು. ಪಕ್ಕದೂರು ಹಿಕ್ಸ್‌ವಿಲ್‌ನ ರಾಮ್‌ಗೆ ಗಂಟಲು ನೋವು. ನ್ಯೂಜೆರ್ಸಿಯ ಐಸೆಲಿನ್‌ನ ನಂಜುಂಡಸ್ವಾಮಿಗೆ, ಇಸವಿ ಎರಡು ಸಾವಿರಕ್ಕೆ ಕಂಪ್ಯೂಟರ್ ಸಜ್ಜುಮಾಡುವ ವೈ-ಟು-ಕೆ ಕೆಲಸ, ಭಾನುವಾರವೂ ಆಫೀಸಿಗೆ ಹೋಗಲೇಬೇಕಂತೆ. ಇನ್ನೊಬ್ಬರ ಕಾರು ಕೆಟ್ಟಿತ್ತು. ಮಧ್ಯಾಹ್ನದ ಹೊತ್ತಿಗೆ ನಲವತ್ತು ಜನ ಹದಿಮೂರಕ್ಕಿಳಿದರು. ಕುಂಬಳಕಾಯಿಯ ರಾಶಿ ನೋಡಿ ಅಳು ಬಂತು.

“ಎಲ್ಲರಿಗೂ ಒಂದೇ ದಿನ ಏನಾಯ್ತು ರೀ?” ಎಂದು ಗಂಡನನ್ನು ಕೇಳಿದೆ. ಮಂಜೇಶ್ ಈಳಿಗೆಮಣೆಯನ್ನೇ ನೋಡುತ್ತ ನಿಂತರು. ಉತ್ತರ ಕೊಟ್ಟದ್ದು ಎಂಟು ವರ್ಷದ ಮಗಳು ಬಿಂದುಶ್ರೀ.

“ಅಮ್ಮಾ, ಟುಮಾರೋ ಈಸ್ ಜೆಟ್ಸ್-ಜಯಂಟ್ಸ್! ನೋಬಡೀಸ್ ಕಮಿಂಗ್.”

“ನಿಮಗೂ ಗೊತ್ತಿತ್ತಾ?”

“ನಿನ್ನ ಉತ್ಸಾಹ ನೋಡಿ ಹೇಳೋಕೆ ಬಾಯಿ ಬರಲಿಲ್ಲ ಕಣೇ,” ಎಂದರು ಮಂಜೇಶ್.

ಎರಡೂ ನ್ಯೂಯಾರ್ಕಿನ ಹೆಸರು ಹೊತ್ತ ಅಮೆರಿಕನ್ ಫುಟ್‌ಬಾಲ್ ತಂಡಗಳು. ಆಡುವುದು ಮಾತ್ರ ನ್ಯೂಜೆರ್ಸಿಯ ಒಂದೇ ಮೈದಾನದಲ್ಲಿ, ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದ ವಾರಗಿತ್ತಿಯರ ಹಾಗೆ. ಲೀಗ್ ಆಟದಲ್ಲಿ ಇವರು ಎದುರುಬದುರಾಗುವುದು ಮೂರು ನಾಲ್ಕು ವರ್ಷಕ್ಕೊಮ್ಮೆ. ನಮ್ಮ ಬಳಗದ ಲಾಂಗ್ ಐಲೆಂಡಿನವರೆಲ್ಲ ಹಸಿರು ಜೆಟ್ಸ್ ಕಡೆ, ನ್ಯೂಜೆರ್ಸಿಯವರೆಲ್ಲ ನೀಲಿ ಜಯಂಟ್ಸ್ ಕಡೆ. ನಾನು ಪಂಚಾಂಗ ನೋಡಿದ್ದೆ, ಫುಟ್‌ಬಾಲ್ ಕ್ಯಾಲೆಂಡರ್ ನೋಡಿರಲಿಲ್ಲ.

ಕೈ ಒರೆಸಿಕೊಂಡು ಫೋನೆತ್ತಿದೆ.

“ರಾಮ್, ಗಂಟಲು ಹೇಗಿದೆಯಪ್ಪಾ? ಬೇಸ್‌ಮೆಂಟ್‌ನಲ್ಲಿ ಟೀವಿ ಇದೆ. ಆಟ ಅಲ್ಲೇ ನೋಡಿ. ಒಂದೊಂದು ಅಧ್ಯಾಯಕ್ಕೂ ಮಂಗಳಾರತಿಗೆ ಮೇಲೆ ಬಂದರೆ ಸಾಕು.”

“ಅಯ್ಯೋ ಅತ್ತಿಗೆ, ಗಂಟಲು ಈಗ ಸರಿಹೋಯ್ತು!”

ನಂಜುಂಡಸ್ವಾಮಿಯ ಆಫೀಸು ಕೆಲಸವೂ ಅಷ್ಟೇ ಬೇಗ ಮುಗಿಯಿತು.

ಭಾನುವಾರ ಬಾಗಿಲ ಬಳಿ ಚಪ್ಪಲಿ, ಶೂಗಳ ಗುಡ್ಡೆಯಾಯಿತು. ಐಸೆಲಿನ್‌ನಿಂದ ಬಂದ ಪುರೋಹಿತರ ತಲೆಯ ಮೇಲೆ ನೀಲಿ ಉಣ್ಣೆಯ ಟೋಪಿ. “ಚಳಿ ನೋಡಿ,” ಎಂದರು. ಯಾರೂ ನಂಬಲಿಲ್ಲ.

ಪೂಜೆಗೆ ಕೂತ ಮಂಜೇಶ್‌ರ ಕೈಯಲ್ಲಿ ಅಕ್ಷತೆ, ಕಿವಿ ಬೇಸ್‌ಮೆಂಟಿನಲ್ಲಿ. ಬಿಂದು ಆಗಾಗ ಮೆಟ್ಟಿಲೇರಿ ಬಂದು ಅಪ್ಪನ ಕಿವಿಯಲ್ಲಿ ಸ್ಕೋರ್ ಊದುತ್ತಿದ್ದಳು. ಜೆಟ್ಸ್ ಹಿಂದೆ ಬಿದ್ದಿತ್ತು, ಅವರ ಮುಖ ಬಾಡುತ್ತಿತ್ತು. ಪುರೋಹಿತರು ಮಾತ್ರ ಏನೂ ಕೇಳಿಸದವರಂತೆ, ಆದರೆ ದನಿ ಏರಿಸಿಕೊಂಡು, ಕಥೆ ಓದುತ್ತಿದ್ದರು.

ನಾಲ್ಕನೆಯ ಅಧ್ಯಾಯದಲ್ಲಿ ಕಲಾವತಿ ಬಂದಳು. ಗಂಡನ ಹಡಗು ದಡಕ್ಕೆ ಬಂತೆಂದು ಕೇಳಿ, ಪ್ರಸಾದ ತೆಗೆದುಕೊಳ್ಳದೆ ಓಡಿದವಳು. ಹಡಗು ಗಂಡನ ಸಮೇತ ಮುಳುಗಿತು. ಮಂಗಳಾರತಿಗೆಂದು ಮೇಲೆ ಬಂದಿದ್ದವರೆಲ್ಲ ಭಕ್ತಿಯಿಂದ ತಲೆದೂಗಿದರು. ಐದನೆಯದೂ ಮುಗಿದು ಕೊನೆಯ ಮಂಗಳಾರತಿಯಾಯಿತು. ನಾನು ತುಪ್ಪ ತೊಟ್ಟಿಕ್ಕುವ ಸಪಾದ ಪ್ರಸಾದದ ಪಾತ್ರೆ ಹಿಡಿದು ನಿಂತೆ. ಅಷ್ಟರಲ್ಲಿ ಕೆಳಗಿನಿಂದ ಮಕ್ಕಳ ಕೂಗು: “ಜೆಟ್ಸ್ ಸ್ಕೋರ್ಡ್!”

ಚಾಚಿದ್ದ ಕೈಗಳು ಹಾಗೇ ಮಾಯವಾದವು. ಹಸಿರು ಕಡೆಯವರಷ್ಟೂ ಮೆಟ್ಟಿಲಲ್ಲಿ ದಡದಡ ಇಳಿದರು. ಎಲ್ಲರಿಗಿಂತ ಮುಂದೆ ನನ್ನ ಗಂಡ, ಪಂಚೆ ಎತ್ತಿ ಕಟ್ಟಿಕೊಂಡು.

“ಕಲಾವತಿಯರು ಹೋದರು!” ಎಂದರು ಪುರೋಹಿತರು.

ನಂಜುಂಡಸ್ವಾಮಿ ಕೂತಲ್ಲೇ ಕೈ ಚಾಚಿದ. “ಅತ್ತಿಗೆ, ನನಗೆ ಎರಡು ಹಿಡಿ ಹಾಕಿ. ನಮ್ಮ ಹಡಗು ದಡ ಸೇರಲಿ.”

ಸ್ವಲ್ಪ ಹೊತ್ತಿಗೆ ಆಟ ಮುಗಿಯಿತು. ಗೆದ್ದದ್ದು ಜಯಂಟ್ಸ್.

ಹಸಿರು ಕಡೆಯವರು ಒಬ್ಬೊಬ್ಬರಾಗಿ ಮೇಲೆ ಬಂದರು. ರಾಮ್ ಯಾರ ಮುಖವನ್ನೂ ನೋಡದೆ ಕೋಟಿಗೆ ಕೈ ಹಾಕಿದ. “ಹೊರಡ್ತೀನಿ ಅತ್ತಿಗೆ. ನಮ್ಮಿಂದಾನೇ ಸೋತ್ರು. ಕಥೆ ಕೇಳಿಯೂ ಓಡಿದ್ವಲ್ಲ.”

“ನಾಳೆಯಿಂದ ಹಸಿರು ಬಟ್ಟೆಯಿಂದ ನೆಲ ಒರೆಸು!” ಎಂದ ನಂಜುಂಡಸ್ವಾಮಿ.

ರಾಮ್‌ನ ಹಿಂದೆ ಇನ್ನೂ ನಾಲ್ಕೈದು ಮಂದಿ ಕೋಟು ಹುಡುಕತೊಡಗಿದರು. ತುಂಬಿದ ಮನೆ ಊಟದ ಹೊತ್ತಿಗೆ ಅರ್ಧವಾಗುವುದು ಕಂಡಿತು. ನಾನು ಬಾಗಿಲಿಗೆ ಅಡ್ಡ ನಿಂತೆ.

“ಪ್ರಸಾದ ತಗೊಳ್ಳದೆ ಯಾರೂ ಹೊಸ್ತಿಲು ದಾಟಬಾರದು. ಊಟ ಮಾಡದೇನೂ ದಾಟಬಾರದು. ನಂಜುಂಡಸ್ವಾಮಿ, ನಗು ಸಾಕು, ಎದ್ದೇಳಿ. ಸೋತವರು ಮೊದಲ ಪಂಕ್ತಿ. ಗೆದ್ದವರು ಬಡಿಸೋದು.”

“ಇದ್ಯಾವ ಶಾಸ್ತ್ರ ಅತ್ತಿಗೆ?”

“ಈ ಮನೆ ಶಾಸ್ತ್ರ.”

“ಸರಿಯಾಗಿದೆ,” ಎಂದ ಪುರೋಹಿತರು ಟೋಪಿ ತೆಗೆದಿಟ್ಟು, ತಾವೇ ಕೋಸಂಬರಿಯ ಪಾತ್ರೆ ಎತ್ತಿಕೊಂಡರು.

ನೆಲಕ್ಕೆ ಬೆಡ್‌ಶೀಟ್ ಹಾಸಿ ಪೇಪರ್ ತಟ್ಟೆಗಳನ್ನಿಟ್ಟೆ. ಮಂಜೇಶ್ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ತಿಂದು, ಸೋತವರ ಸಾಲಿನಲ್ಲೇ ಕೂತರು. ನಂಜುಂಡಸ್ವಾಮಿ ಹುಳಿ ತಂದ. ರಾಮ್ ತಟ್ಟೆಗೆ ಬಿದ್ದದ್ದನ್ನು ಬಗ್ಗಿ ನೋಡಿದ.

“ಹೋಳು ಹಾಕಯ್ಯಾ, ಬರೀ ನೀರು ಹಾಕ್ತೀಯಲ್ಲ. ಇದೇನಾ ಗೆದ್ದವರ ಕೈ?”

“ತಿನ್ನು ತಿನ್ನು. ಮುಂದಿನ ಸಲ ಓಡೋಕಾದ್ರೂ ಶಕ್ತಿ ಬರಲಿ.”

ಸಾಲಿಡೀ ನಕ್ಕಿತು. ರಾಮ್ ನಗದಿರಲು ನೋಡಿ ಸೋತ. ಮೂರನೆಯ ಸಲ ಅನ್ನ ಕೇಳಿದ, ನಾಲ್ಕನೆಯ ಸಲವೂ ಕೇಳಿದ. ನಂಜುಂಡಸ್ವಾಮಿ ಬೆವರುತ್ತ ಅಡುಗೆಮನೆಗೆ ಓಡಿ ಬಂದ.

“ಅತ್ತಿಗೆ, ಇವರು ಏಳೋ ಲಕ್ಷಣವೇ ಇಲ್ಲ! ನಮಗೇನು ಉಳಿಯುತ್ತೆ?”

ನಾನು ದೊಡ್ಡ ಕುಕ್ಕರಿನಲ್ಲಿ ಮತ್ತೊಮ್ಮೆ ಅನ್ನಕ್ಕಿಟ್ಟೆ.