ಹಳದಿ ಪುಡಿ ಬಿಟ್ಟ ದುಂಡವ್ವ

ದುಂಡವ್ವ ಮಾತಾಡಿಸುತ್ತಿದ್ದುದು ರೋಗಿಯನ್ನಲ್ಲ, ಅವರ ಮೈಮೇಲಿನ ಇಸಬನ್ನು. ಬಂದವರ ಕೈಯನ್ನೋ ಕಾಲನ್ನೋ ತನ್ನ ತೊಡೆಯ ಮೇಲೆಳೆದುಕೊಂಡು, ಒಡೆದು ನೀರು ಸೋರುವ ಚರ್ಮದತ್ತ ಬಾಗಿ, "ಯಾಕಲೇ, ಇನ್ನೂ ಇಲ್ಲೇ ಕುಂತೀಯೇನ? ನಿನಗ ಬ್ಯಾರೇ ಮನಿ ಇಲ್ಲೇನ?" ಎಂದು ಗದರುವಳು. ನೋವಿನಿಂದ ಬಂದವರೂ ನಕ್ಕುಬಿಡುತ್ತಿದ್ದರು.

ಗಡಹಿಂಗ್ಲಜದ ಆಚೆ, ಕುರಿ ಸಾಕುವವರ ಓಣಿಯಲ್ಲಿ ಆಕೆಯ ಮನೆ. ಇಳಕಲ್ ಸೀರೆಯ ಮೇಲೆ ಸತ್ತ ಗಂಡನ ಉಣ್ಣೆಯ ಕೋಟು. ಅದರ ತೋಳುಗಳನ್ನು ಮೊಳಕೈವರೆಗೆ ಕತ್ತರಿಸಿದ್ದಳು, ಮುಲಾಮು ಅರೆಯುವಾಗ ಅಡ್ಡ ಬರುತ್ತವೆಂದು. ಬಿಸಿಲಿಗೂ ಕೋಟೇ, ಚಳಿಗೂ ಕೋಟೇ. ಹಸುವಿನ ತುಪ್ಪವನ್ನು ತಾಮ್ರದ ತಾಟಿನಲ್ಲಿಟ್ಟು, ತಂಬಿಗೆಯ ತಳದಿಂದ ಉಜ್ಜಿ ಉಜ್ಜಿ, ನೀರು ಬದಲಿಸಿ ನೂರು ಸಲ ತೊಳೆಯುವಳು. ಎಣಿಕೆಗೆ ಮಡಿಲಲ್ಲಿ ಹುಣಸೆಬೀಜ. ನಡುವೆ ಯಾರಾದರೂ ಮಾತಾಡಿಸಿ ಎಣಿಕೆ ತಪ್ಪಿದರೆ ಮತ್ತೆ ಒಂದರಿಂದ ಆರಂಭ! ನಮ್ಮ ಜೈನರ ಮನೆಯಲ್ಲಿ ನೀರು ಸೋಸುವುದಕ್ಕೆ ಎಷ್ಟು ಕಟ್ಟುನಿಟ್ಟೋ, ಅದಕ್ಕಿಂತ ಒಂದು ಕೈ ಹೆಚ್ಚು ಎಂದು ನಾನು ಹೇಳಿದರೆ ನನ್ನ ಬೀಗರಿಗೆ ಸಿಟ್ಟು. ಇರಲಿ, ಎಲ್ಲಿದ್ದೆ ನಾನು? ಹಾಂ, ಬೆಣ್ಣೆಯಂತೆ ಬೆಳ್ಳಗಾದ ಆ ತುಪ್ಪಕ್ಕೆ ಗಂಧಕ, ಹೊಂಗೆ ಎಣ್ಣೆ, ಕೊನೆಗೆ ಒಂದು ಹಳದಿ ಕಲ್ಲಿನ ಪುಡಿ. ಎಂಟೇ ದಿನದಲ್ಲಿ ಇಸಬು ಒಣಗಿಸುತ್ತಿದ್ದುದು ಆ ಪುಡಿ. ಕೋವಾಡದಿಂದ ಇಚಲಕರಂಜಿಯವರೆಗೆ ದುಂಡವ್ವನ ಹೆಸರು ಹಬ್ಬಿದ್ದೂ ಅದರಿಂದಲೇ.

ನನ್ನ ಸೊಸೆ ಶಾಲನಳ ಎರಡೂ ಅಂಗೈ ಬಿರಿದು ಮೂರು ವರ್ಷವಾಗಿತ್ತು. ನಾಲ್ಕು ತಿಂಗಳ ಕೂಸನ್ನು ಎತ್ತಿಕೊಳ್ಳುವುದಕ್ಕೂ ಕೈಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. ಮಗುವಿನ ಕೆನ್ನೆಯನ್ನು ಬರಿಗೈಯಿಂದ ಒಮ್ಮೆಯೂ ಸವರಿರಲಿಲ್ಲ. ಇಚಲಕರಂಜಿಯಿಂದ ಬಸ್ಸು ಹಿಡಿದು ಇಬ್ಬರೂ ಕೂಸಿನೊಂದಿಗೆ ಹೋದೆವು.

ಅಂಗೈ ನೋಡಿ, ಇಸಬನ್ನು ಬೈದು, ಡಬ್ಬಿ ತೆಗೆದ ದುಂಡವ್ವನ ಕಣ್ಣು ಕೂಸಿನ ಮೇಲೆ ಬಿತ್ತು. ತಾಯಿಯ ಬಟ್ಟೆ ಸುತ್ತಿದ ಬೆರಳನ್ನು ಅದು ಚೀಪುತ್ತಿತ್ತು.

"ಹಾಲು ಕುಡಸ್ತೀಯೇನವಾ?"

"ಹೌದ್ರಿ."

ಮುಚ್ಚಿದ ಡಬ್ಬಿ ಕೋಟಿನ ಜೇಬಿಗೆ ಸೇರಿತು. "ಇದರ ಹಳದಿ ಪುಡ್ಯಾಗ ಸೀಸ ಐತಿ, ಕೂಸುಗಳಿಗೆ ವಿಷ ಅಂತ ದವಾಖಾನಿ ಡಾಕ್ಟರಬಾಯಿ ಹೇಳ್ಯಾಳ. ನಾಕ ದಿನ ಆಕಿ ಸಂಗಾಟ ಜಗಳಾ ಮಾಡೇನಿ. ಈಗ ಈ ಕೂಸಿನ ಬಾಯಿ ನೋಡಿ ಕೈ ಮುಂದ ಬರವಲ್ದು."

ಅಂಗಳದಲ್ಲಿ ಕಾಯುತ್ತಿದ್ದ ಭರಮಪ್ಪ, ನೂಲಿಗೆ ಗಂಜಿ ಹಚ್ಚುವ ಕಾರ್ಖಾನೆಯವನು, ತಡೆಯಲಾರದೆ ಹೇಳಿದ: "ಅವ್ವಾ, ಅದನ್ನ ತಗದ್ರ ಏನ ಉಳೀತು? ರೊಟ್ಟಿಗೆ ಹಚಗೊಂಡು ತಿನ್ನೂ ತುಪ್ಪ!"

"ತಿನ್ನು. ನಿನ್ನ ನಾಲಿಗಿಗೂ ಇಸಬು ಆಗೇತಿ, ಅದಕರೆ ತಂಪಾದೀತು."

ಎಲ್ಲರೂ ನಕ್ಕರು. ಆಕೆ ನಗಲಿಲ್ಲ. ಒಳಗೆ ಹೋಗಿ ಸಾಲಾಗಿಟ್ಟ ಡಬ್ಬಿಗಳನ್ನೆಲ್ಲ ತಂದು, ಕುರಿ ಮೇಯದ ಕಡೆ ಆಳವಾಗಿ ಗುಂಡಿ ತೋಡಿಸಿ, ನಮ್ಮೆದುರೇ ಹೂತಳು. "ಅವ್ವಾರ, ನಿಮ್ಮ ಹೆಸರು ಹೋಗತೈತೆಲ್ರಿ?" ಎಂದು ಶಾಲನ ಅಳುಮೋರೆ ಮಾಡಿದಳು. "ನನ್ನ ಹೆಸರು ಕೂಸಿನ ಹೊಟ್ಯಾಗ ಹೋಗೂದ ಬ್ಯಾಡ," ಎಂದು ತಾಟಿಗೆ ತುಪ್ಪ ಹಾಕಿಕೊಂಡು ಕುಳಿತಳು.

ಪುಡಿಯಿಲ್ಲದ ಮುಲಾಮಿಗೆ ಎಂಟು ದಿನವಲ್ಲ, ಎರಡು ತಿಂಗಳು ಹಿಡಿಯಿತು. "ನಿನ್ನ ದುಂಡವ್ವನ ಕೈಗುಣ ಮುಗೀತು ಬಿಡ, ಆಯಿ," ಎಂದು ನನ್ನ ಮಗ ಜಿನಪಾಲ ಹಂಗಿಸಿದ. ಕೊನೆಗೊಂದು ಮಧ್ಯಾಹ್ನ ಅವನೇ ಬಾಗಿಲಲ್ಲಿ ನಿಂತು ನೋಡುತ್ತಿದ್ದ: ಶಾಲನ ಬರಿಗೈಯಲ್ಲಿ ಕೂಸಿಗೆ ಎಣ್ಣೆ ತಿಕ್ಕುತ್ತಿದ್ದಳು. ಸುದ್ದಿ ಹೇಳಲು ಹೋದರೆ ದುಂಡವ್ವ, "ಇಸಬು ಹೋತು ಅನಬ್ಯಾಡ್ರಿ, ಮಲಗೇತಿ ಅನ್ರಿ," ಎಂದಳು.

ಭರಮಪ್ಪನಂಥವರು ಅವಸರದ ಮದ್ದು ಹುಡುಕಿಕೊಂಡು ಬೇರೆ ಕಡೆ ಹೋದರು; ಆಕೆಯ ಅಂಗಳದಲ್ಲಿ ಈಗ ಜನ ಕಡಿಮೆ. ಹೆಸರು ಗಳಿಸಿದವರನ್ನು ಈ ವಯಸ್ಸಿನಲ್ಲಿ ಬಹಳ ಕಂಡಿದ್ದೇನೆ. ಗಳಿಸಿದ್ದನ್ನು ಕಾಯುವುದರಲ್ಲೇ ಅವರ ಆಯುಷ್ಯ ಸವೆಯುತ್ತದೆ. ತನ್ನ ಹೆಸರಿನಿಂದಲೇ ಇನ್ನೊಬ್ಬರಿಗೆ ಕೇಡೆಂದು ತಿಳಿದ ದಿನ ಅದನ್ನು ತನ್ನ ಕೈಯಾರೆ ಮಣ್ಣಿಗೆ ಹಾಕಿ, ಮರುಗಳಿಗೆ ಮತ್ತೆ ಒಂದರಿಂದ ಎಣಿಸಲು ಕೂರುವವರು ಬೇರೆಯೇ ಜಾತಿಯವರು. ಅಂಥವರ ಮುಂದೆ ನೆಲದ ಮೇಲೆ ಕುಳಿತಿದ್ದೆನೆಂದು ಹೇಳಿಕೊಳ್ಳುವಾಗ ನನ್ನ ಬಾಗಿದ ಬೆನ್ನೂ ಸ್ವಲ್ಪ ನೆಟ್ಟಗಾಗುತ್ತದೆ.