ನೀಲಿ ಕಾರಿನ ಬಿಳಿ ಗೆರೆ

"ಮೇಲಿನ ಹಲ್ಲಿನ ಸೆಟ್ ಸಿಕ್ತು. ಕೆಳಗಿಂದು ಎಲ್ಲಮ್ಮಾ?" ಮಂಚದಡಿ ತಲೆ ತೂರಿಸಿಕೊಂಡೇ ಮಗಳು ಕೇಳಿದಳು.

ತಾಯಿ ಗಂಡನ ಗಲ್ಲವನ್ನು ಅಂಗೈಯಲ್ಲಿ ಹಿಡಿದು ಕೂತಿದ್ದಳು. ಬೆಳಗಿನ ಜಾವ ಪ್ರಾಣ ಹೋಗಿತ್ತು. ದವಡೆ ಬಿಗಿಯುವ ಮೊದಲು ಹಲ್ಲು ಹಾಕಿಬಿಡಬೇಕು. ನಲವತ್ತು ವರ್ಷ ಊರಿಗೆಲ್ಲ ಕಟ್ಟುಹಲ್ಲು ಮಾಡಿಕೊಟ್ಟವನು ಬೊಚ್ಚುಬಾಯಲ್ಲಿ ಹೋದರೆ ನೋಡಿದವರು ಏನಂದಾರು?

"ಕಿಟಕಿ ಹತ್ರ ಅವರ ಮೇಜಿದೆಯಲ್ಲ, ಅಲ್ಲಿ ನೋಡು. ಬಣ್ಣದ ಡಬ್ಬಿಗಳ ಹಿಂದೆ."

ಅಲ್ಲೇ ಇತ್ತು. ಮಗಳು ತೊಳೆದು ತಂದಳು. ತಾಯಿ ಹೆಬ್ಬೆರಳಿನಿಂದ ತುಟಿ ಸರಿಸಿ, ಎರಡು ವರ್ಷದಿಂದ ದಿನಾ ಮಾಡುತ್ತಿದ್ದ ಹಾಗೆಯೇ, ಮೊದಲು ಮೇಲಿನದು, ಆಮೇಲೆ ಕೆಳಗಿನದು ಕೂರಿಸಿದಳು. ಬತ್ತಿದ ಕೆನ್ನೆ ತುಂಬಿಕೊಂಡಿತು. ಏನೋ ಹೇಳಲು ಹೊರಟವನ ಹಾಗೆ ಕಂಡ.

"ಸ್ವಲ್ಪ ಹೊತ್ತು ಮಲಗಮ್ಮ. ಮುಖ ನೋಡು ಹೇಗಾಗಿದೆ."

"ಮಲಗಿದ್ರೆ ಏಳಲ್ಲ. ನಿಮ್ಮಪ್ಪನ ಜೊತೆ ನನ್ನನ್ನೂ ಹೊತ್ಕೊಂಡು ಹೋಗ್ಬೇಕಾಗುತ್ತೆ." ಮಂಚದ ಕಾಲು ಹಿಡಿದು ಎದ್ದಳು. ಮೊಣಕಾಲು ಲಟಕ್ಕೆಂದಿತು.

*

ಮದುವೆಯಾದ ಹೊಸತರಲ್ಲಿ ಅವನು ಹಲ್ಲಿನ ಲ್ಯಾಬಿನಿಂದ ಬಂದವನೇ ಜೇಬಿನಿಂದ ಏನೋ ತೆಗೆದು ಅವಳ ಅಂಗೈ ಮೇಲಿಟ್ಟಿದ್ದ. ಗೇಣುದ್ದವೂ ಇಲ್ಲದ ಕಾರು. ಹಳೇ ಕಾಲದ ರೇಸಿನ ಕಾರು: ಮೀನಿನಂಥ ಮೈ, ಹೊರಗೆ ಚಾಚಿದ ನಾಲ್ಕು ಚಕ್ರ, ಒಬ್ಬನೇ ಕೂರುವಷ್ಟು ಜಾಗ. ಒಸಡಿಗೆ ಬಳಸುವ ಗುಲಾಬಿ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದದ್ದು. ಚಕ್ರದ ಕಡ್ಡಿಗಳೆಲ್ಲ ಹಲ್ಲು ಬಿಗಿಯುವ ತಂತಿ.

"ಏನ್ರೀ ಇದು, ಕಾರೋ, ಯಾರದ್ದಾದ್ರೂ ಒಸಡೋ?"

"ಬಣ್ಣ ಹಚ್ಚಿದ ಮೇಲೆ ನೋಡು."

ಆವತ್ತಿನಿಂದ ಊಟದ ಮೇಜಿನ ಅರ್ಧ ಕಾರುಗಳ ಪಾಲಾಯಿತು. ಹಾಸಿಗೆಗೂ ತಿನ್ನರಿನ ವಾಸನೆ ಹತ್ತಿತು. ಅವನು ಜೀವಮಾನದಲ್ಲಿ ಕಾರು ಓಡಿಸಿದವನಲ್ಲ. ಸೈಕಲ್ಲನ್ನೂ ಬ್ರೇಕ್ ಹಿಡಿದುಕೊಂಡೇ ತುಳಿಯುವವನು. ಹಳೆಯ ಪತ್ರಿಕೆಗಳ ಚಿತ್ರ ಮುಂದಿಟ್ಟುಕೊಂಡು ವರ್ಷಕ್ಕೆ ಎರಡೋ ಮೂರೋ ಕಟ್ಟುತ್ತಿದ್ದ. ಅಕ್ಕಪಕ್ಕದವರು ಕೇಳಿದರೆ ಅವಳು, "ನಂಗೊಬ್ಬಳು ಸವತಿ ಇದ್ದಾಳೆ, ನಾಲ್ಕು ಚಕ್ರದವಳು" ಎಂದು ನಗುತ್ತಿದ್ದಳು.

ಮದುವೆಗೆ ಮೊದಲು ಅವಳು ಆರು ವರ್ಷ ಪಿಂಗಾಣಿ ಕಾರ್ಖಾನೆಯಲ್ಲಿ ದುಡಿದಿದ್ದಳು. ತಿರುಗುವ ಬಟ್ಟಲಿನ ಅಂಚಿಗೆ ಚಿನ್ನದ ಗೆರೆ ಎಳೆಯುವ ಕೆಲಸ. ಅಲ್ಲಿ ಏನು ಮಾಡುತ್ತಿದ್ದೆ ಎಂದು ಅವನು ಯಾವತ್ತೂ ಕೇಳಲಿಲ್ಲ. ಅವಳೂ ಹೇಳಿಕೊಳ್ಳಲಿಲ್ಲ.

*

ಹತ್ತು ಗಂಟೆಯ ಹೊತ್ತಿಗೆ ನಡುಮನೆ ತುಂಬಿತು.

"ಈ ಹಲ್ಲು ಅವರದೇ ಕೈಕೆಲಸ," ಎದುರುಮನೆಯ ಮುದುಕ ಬಾಯಿ ತೆರೆದು ತೋರಿಸಿದ. "ಹನ್ನೆರಡು ವರ್ಷ ಆಯ್ತು. ಕಲ್ಲು ಕಡಿದರೂ ಜಪ್ಪಯ್ಯ ಅನ್ನಲ್ಲ."

ಅಲ್ಲಿ ನಾಲ್ಕಾರು ಜನ ಅವನು ಮಾಡಿದ ಹಲ್ಲಿನಲ್ಲೇ ಅವನ ಗುಣಗಾನ ಮಾಡುತ್ತಿದ್ದರು. ಅವಳು ಗೋಡೆಗೊರಗಿ ಎಲ್ಲದಕ್ಕೂ ತಲೆಯಾಡಿಸಿದಳು. ಮಾತುಗಳು ದೂರದ ನಲ್ಲಿ ಸೋರಿದ ಹಾಗೆ ಕೇಳುತ್ತಿದ್ದವು. ಒಂದು ಸಲ ಕಣ್ಣು ಮುಚ್ಚಿ, ಬೀಳುವಂತಾಗಿ, ಬೆಚ್ಚಿ ತೆರೆದಳು. ಎದುರಿಗೆ ಗಡಿಯಾರ ರಿಪೇರಿಯವರು ನಿಂತಿದ್ದರು. ಮಾದರಿ ಕಾರುಗಳ ಕ್ಲಬ್ಬಿನಲ್ಲಿ ಗಂಡನಿಗೆ ಅತಿ ಹತ್ತಿರದವರು. ಕೈಯಲ್ಲಿ ನೀಲಿ ಕಾರು ಹಿಡಿದಿದ್ದರು. ಅದರ ಮೂತಿಯಿಂದ ಬಾಲದವರೆಗೆ ಒಂದೇ ಒಂದು ಬಿಳಿ ಗೆರೆ.

"ಅವನ ಕೊನೇ ಕಾರು ಇದು. ಹೋದ ವರ್ಷ ಬಹುಮಾನ ಬಂದಿದ್ದು ಇದಕ್ಕೇ. ಕ್ಲಬ್ಬಿನ ಗಾಜಿನ ಬೀರುವಲ್ಲಿ ಇಡೋಣ ಅಂತ..."

"ಧಾರಾಳವಾಗಿ ತಗೊಂಡು ಹೋಗಿ," ಎಂದ ಗಂಡನ ಅಣ್ಣ. "ಅವನ ಹೆಸರು ನಾಲ್ಕು ಜನರ ಕಣ್ಣಿಗೆ ಬೀಳಲಿ."

ಗಡಿಯಾರದವರು ಒಂದು ಕಾರ್ಡನ್ನು ಅವಳ ಕೈಗೆ ಕೊಟ್ಟರು. ದುಂಡು ಅಕ್ಷರದಲ್ಲಿ ಬರೆದು ತಂದಿದ್ದರು: ಕಟ್ಟಿದವರು, ಬಣ್ಣ ಹಚ್ಚಿದವರು. ಅದರ ಕೆಳಗೆ ಗಂಡನ ಹೆಸರು.

*

ಎರಡು ವರ್ಷದ ಹಿಂದೆ ಅವನ ಕೈ ನಡುಗತೊಡಗಿತ್ತು. ಲ್ಯಾಬಿನವರು ಇನ್ನು ಸಾಕು ಎಂದರು. ಮೊಣಕೈ ಮೇಜಿಗೂರಿ, ತುಂಡುಗಳನ್ನು ಇಕ್ಕಳದಲ್ಲಿ ಬಿಗಿದು, ಕಟ್ಟುವ ಕೆಲಸ ಹೇಗೋ ನಡೆಯುತ್ತಿತ್ತು. ಬಣ್ಣ ಮಾತ್ರ ಕೈಗೆ ಹತ್ತಲೊಲ್ಲದು. ಒಂದು ಮಧ್ಯಾಹ್ನ, ನೀಲಿ ಕಾರಿನ ಮೇಲೆ ಎಳೆದ ಗೆರೆಯನ್ನು ಮೂರನೇ ಸಲ ಒರೆಸಿ, ಕುಂಚವನ್ನು ಗೋಡೆಗೆಸೆದ. ಗೋಡೆಯ ಕಲೆ ಒರೆಸಲು ಹೋದವಳು ಕುಂಚ ಎತ್ತಿಕೊಂಡಳು. ಪಕ್ಕದಲ್ಲಿ ಕೂತು, ಉಸಿರು ಹಿಡಿದು, ಒಂದೇ ಬೀಸಿಗೆ ಎಳೆದಳು.

"ಎಲ್ಲಿ ಕಲಿತೆ?"

"ಬಟ್ಟಲುಗಳ ಮೇಲೆ."

ಅವನು ಬಹಳ ಹೊತ್ತು ಗೆರೆಯನ್ನೇ ನೋಡಿದ. ಆಮೇಲೆ ಅಂಜುತ್ತ, "ಚಕ್ರದ ಕಡ್ಡಿಗೂ ಸ್ವಲ್ಪ ಬೆಳ್ಳಿ ಬಣ್ಣ..." ಎಂದ. ಉಣಿಸಿ, ತೊಳೆದು, ಮಲಗಿಸಿ ಮಿಕ್ಕ ಹೊತ್ತಿನಲ್ಲಿ ಅವಳು ಅದನ್ನೂ ಹಚ್ಚಿದಳು, ಪಟ್ಟೆಪಟ್ಟೆಯಾಗಿದ್ದ ಮೈಯ ನೀಲಿಯನ್ನೂ ಸಮ ಮಾಡಿದಳು.

ಬಹುಮಾನದ ದಿನ ಅವನು ವೇದಿಕೆಗೆ ಒಬ್ಬನೇ ಹತ್ತಿದ. ಚಪ್ಪಾಳೆಯಾಯಿತು. ಮೂರನೇ ಸಾಲಿನಲ್ಲಿ ಕೂತು ಅವಳೂ ತಟ್ಟಿದಳು. ವಾಪಸು ಬರುವಾಗ ಬಸ್ಸಿನಲ್ಲಿ, ಅವನ ತೊಡೆಯ ಮೇಲಿನ ಬಹುಮಾನದ ಫಲಕ ಕಟಕಟ ಅನ್ನುತ್ತಿತ್ತು.

"ಹೇಳ್ಬೇಕಿತ್ತು, ಅಲ್ವಾ?" ಎಂದ.

"ಏನನ್ನ?" ಎಂದಳು ಅವಳು.

ಅವನು ಕಿಟಕಿಯ ಕಡೆ ತಿರುಗಿಕೊಂಡ.

*

"ಕಟ್ಟಿದ್ದು ಅವರು," ಅವಳು ಕಾರ್ಡನ್ನು ಹಿಂದಕ್ಕೆ ಕೊಟ್ಟಳು. "ಬಣ್ಣ ನಂದು."

ನಡುಮನೆಯ ತಲೆಗಳೆಲ್ಲ ಅವಳ ಕಡೆ ತಿರುಗಿದವು.

"ನೋಡಮ್ಮ," ಭಾವ ದನಿ ತಗ್ಗಿಸಿದ, "ಇವತ್ತೊಂದು ದಿನ ಇದೆಲ್ಲ ಬೇಡ. ಹೋದವನ ಹೆಸರಿಗೆ ಯಾಕೆ ಮಸಿ?"

"ಮಸಿ ಎಲ್ಲಿಂದ ಬಂತು ದೊಡ್ಡಪ್ಪ?" ಎಂದಳು ಮಗಳು. ಅವಳಿಗೂ ಇದು ಹೊಸ ಸುದ್ದಿಯೇ. "ಅಪ್ಪಂಗೆ ಚಮಚ ಹಿಡಿಯೋಕೂ ಆಗ್ತಿರ್ಲಿಲ್ಲ. ಛೆ, ನನಗಾದ್ರೂ ಹೊಳೀಬೇಕಿತ್ತು."

ಗಡಿಯಾರದವರು ಕನ್ನಡಕ ತೆಗೆದು ಒರೆಸಿದರು. "ನಮಗೆ ಗೊತ್ತಿತ್ತಮ್ಮ. ಕ್ಲಬ್ಬಲ್ಲಿ ಎರಡೂ ಕೈಯಲ್ಲಿ ಹಿಡಿದರೂ ಅವನ ಲೋಟ ತುಳುಕೋದು. ಅಂಥವನು ಈ ಗೆರೆ ಎಳೀತಾನಾ?"

"ಅವರೇ ಹೇಳಿದ್ರಾ?"

ಗಡಿಯಾರದವರು ಸುಳ್ಳು ಹೇಳಬಹುದಿತ್ತು. "ಇಲ್ಲ," ಎಂದರು. "ಬಾಯಿ ಬಿಡಲಿಲ್ಲ. ನೀವೂ ಸುಮ್ಮನಿದ್ರಿ. ನಾವೂ ಸುಮ್ಮನಾದ್ವಿ."

ಎರಡು ವರ್ಷ ಸೆರಗಿನ ಗಂಟಿನಲ್ಲಿ ಕಟ್ಟಿಟ್ಟುಕೊಂಡಿದ್ದ ಗುಟ್ಟು ಕ್ಲಬ್ಬಿಗೆಲ್ಲ ಗೊತ್ತಿದ್ದ ಗುಟ್ಟು! ಸಿಟ್ಟು ಬರಬೇಕಿತ್ತು. ಸಿಟ್ಟಾಗುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು.

"ಕಾರ್ಡ್ ಬದಲಾಯಿಸ್ಲಾ?"

ಭಾವ ಅವಳನ್ನೇ ನೋಡುತ್ತಿದ್ದ. ಬೇಡ ಬಿಡಿ ಎನ್ನುವುದು ಸುಲಭವಿತ್ತು. ಮದುವೆಯಾದಾಗಿನಿಂದ ಅವಳಿಗೆ ಅದೇ ರೂಢಿ.

"ಬದಲಾಯಿಸಿ," ಎಂದಳು. ಗಡಿಯಾರದವರು ಬಾಗಿಲು ದಾಟುವಾಗ ಮತ್ತೆ ಕರೆದಳು. "ಕಟ್ಟಿದವರು ಅನ್ನೋದನ್ನ ಮೇಲೆ ಬರೀರಿ. ದೊಡ್ಡಕ್ಷರದಲ್ಲಿ. ಅಷ್ಟು ಸಣ್ಣ ಕಡ್ಡಿಗಳನ್ನ ಆ ಕೈಯಲ್ಲಿ ಹೇಗೆ ಕೂರಿಸಿದ್ರೋ, ನಾನು ನೋಡಿದೀನಿ."

*

ಮಧ್ಯಾಹ್ನ ಎರಡಕ್ಕೆ ಎಲ್ಲ ಮುಗಿಯಿತು. ಸ್ಮಶಾನದ ಗೇಟಿನ ಬಳಿ ಶವದ ವ್ಯಾನು ಖಾಲಿಯಾಗಿ ನಿಂತಿತ್ತು. ಭಾವ, ಮಗಳು ಹಿಂದಿನ ಬೆಂಚಿನಲ್ಲಿ ಕೂತರು. ಅವಳು ಮುಂದೆ, ಚಾಲಕನ ಪಕ್ಕದಲ್ಲಿ ಕೂತಳು. ಬರುವಾಗ ಆಮೆಯಂತೆ ತೆವಳಿದ್ದ ವ್ಯಾನು ವಾಪಸು ಹೊರಟಾಗಲೂ ಅದೇ ಗತಿಯಲ್ಲಿ ಉರುಳತೊಡಗಿತು.

"ಯಾಕಪ್ಪ ಇಷ್ಟು ನಿಧಾನ?"

"ಅಭ್ಯಾಸ ಆಗಿಹೋಗಿದೆ ಅಮ್ಮ. ಜೋರಾಗಿ ಹೋದ್ರೆ ಮನೆಯವರು ಬೈತಾರೆ."

"ಮನೆಯವಳು ನಾನೇ. ಹೋಗಪ್ಪ. ನಂಗೆ ನಿದ್ದೆ ಬರ್ತಿದೆ."

ಚಾಲಕ ಅವಳ ಮುಖ ನೋಡಿದ, ಗೇರು ಬದಲಾಯಿಸಿದ. ಉದ್ದಕ್ಕೆ ಬಿದ್ದಿದ್ದ ಖಾಲಿ ರಸ್ತೆಯಲ್ಲಿ ವ್ಯಾನು ಕುಣಿಯುತ್ತ ಓಡಿತು. "ಏಯ್, ನಿಧಾನ! ನಿಧಾನ!" ಹಿಂದಿನಿಂದ ಭಾವ ಬಡಕೊಂಡ. ಅವಳು ಗಾಜು ಪೂರ್ತಿ ಇಳಿಸಿದಳು. ಗಾಳಿ ನುಗ್ಗಿ ಬಿಳಿಗೂದಲು ಬಿಚ್ಚಿ ಮುಖಕ್ಕೆ ರಾಚಿತು. ಚಾಲಕ ಮತ್ತೊಮ್ಮೆ ತಿರುಗಿ ನೋಡಿದಾಗ ಅವಳು ಸೀಟಿಗೊರಗಿ ಬಾಯಿ ತೆರೆದುಕೊಂಡು ನಿದ್ದೆಹೋಗಿದ್ದಳು. ಸೆರಗು ಮಾತ್ರ ಕಿಟಕಿಯಾಚೆ ಪಟಪಟ ಹಾರುತ್ತಿತ್ತು.